ವಿಯೆನ್ನಾದಲ್ಲಿ ಕಂಡ ಗೇಯನಾಟಕ

ವಿಯೆನ್ನಾ ನಗರದ ‘ಥಿಯೇಟರ್ ಆನ್ ಡೆರ್ ವೀನ್’ ಎಂಬ ನಾಟಕಶಾಲೆಯು 1801ರಲ್ಲಿ ಸ್ಥಾಪಿತವಾದುದು. ಬೀಥೋವೆನ್ನನ ‘ಫಿಡೆಲಿಯೊ’ 1805ರಲ್ಲಿ ಮೊದಲು ರಂಗವೇರಿದುದು ಇಲ್ಲಿಯೇ. 2018ರ ಡಿಸೆಂಬರಿನಲ್ಲಿ ನಾವು ಇಲ್ಲಿ ವೇಬರನ ‘ಯೂರಿಯಾಂಥೆ’ ಎಂಬ ಗೇಯನಾಟಕವನ್ನು ನೋಡಿದೆವು. 1823ರಲ್ಲಿ ಇದೇ ನಗರದ ಬೇರೊಂದು ರಂಗದಲ್ಲಿ ಜನ್ಮತಾಳಿದ ಈ ಕೃತಿಯ ಪ್ರಯೋಗವು ವಿರಳ. ಸಂಗೀತವನ್ನು ಹೊಗಳುವವರೂ ಕಥೆಯನ್ನು ಹಳಿಯುವರು.

ಕಥೆಯನ್ನು ರಚಿಸಿದವಳು ಹೆಲ್ಮಿನಾ ಫಾನ್ ಶೆಜಿ. ಈಕೆಯನ್ನು ವರಿಸಿ, ಬಳಿಕ ಅಗಲಿದ ಶೆಜಿ ಪಂಡಿತನೇ ಪ್ಯಾರಿಸ್ಸಿನ ಪ್ರಥಮ ಸಂಸ್ಕೃತ ಪ್ರಾಧ್ಯಾಪಕ. 1830ರಲ್ಲಿ ಶಾಕುಂತಲವನ್ನು ಫ್ರೆಂಚ್ ಅನುವಾದದೊಡನೆ ಪ್ರಕಟಿಸಿದವನು. ಈ ನಾಟಕದಲ್ಲಿಯೂ ಒಂದು ಉಂಗುರವುಂಟು. ಅಡೋಲಾರನೆಂಬ ಸರದಾರನು ತಾನು ಕೈಹಿಡಿಯಲಿರುವ ಯೂರಿಯಾಂಥೆಯ ಶೀಲದ ಮೇಲೆ ತನ್ನ ಭೂಮಿಯನ್ನೆಲ್ಲ ಪಣವೊಡ್ಡುವನು. ಪ್ರತಿಪಕ್ಷದವನು ಕದ್ದ ಉಂಗುರವೊಂದನ್ನು ತೋರಿದೊಡನೆ, ಅವಳನ್ನು ಕೊಲ್ಲುವುದಕ್ಕಾಗಿ ಕಾಡಿಗೆ ಕರೆದೊಯ್ಯುವನು. ದುಷ್ಯಂತನಿಗೆ ಉಂಗುರವು ನೆನಪನ್ನು ತಂದುಕೊಟ್ಟಿತು. ಇವನಿಂದ ವಿವೇಕವನ್ನು ಕಿತ್ತುಕೊಂಡಿತು.

ನಿರ್ದೇಶಕನಾದ ಕ್ರಿಸ್ಟೊಫ್ ಲಾಯ್ ಕೋಟೆಯನ್ನೂ ಕಾಡನ್ನೂ ತೆಗೆದುಹಾಕಿದ್ದನು. ಬಿಳಿಗೋಡೆಯ ನೀಳವಾದ ಕೋಣೆ, ಒಂದು ಮಂಚ, ಒಂದು ಪಿಯಾನೊ. ಪಾತ್ರಗಳಿಗೆ ಈ ಕಾಲದ ಉಡುಪು. ರಂಗವೈಭವವನ್ನು ಬಯಸಿ ಬಂದವರಿಗೆ ಇದು ಬರಡೆನಿಸೀತು. ಆದರೆ ಕಥೆಯ ಮರ್ಮವು ಬಯಲಾದುದು ಇದರಿಂದಲೇ. ಕಾಡಿನಲ್ಲಿ ಸರ್ಪವು ಮೇಲೆರಗಲು, ಕೊಲ್ಲಬಂದವನನ್ನು ಉಳಿಸಲೆಂದು ಯೂರಿಯಾಂಥೆ ತಾನೇ ಅಡ್ಡಬರುವಳು. ಕಾಡಿದ್ದರೆ ಪ್ರೇಕ್ಷಕರು ಸರ್ಪವನ್ನು ನೋಡಿಯಾರು. ಈ ಕೋಣೆಯಲ್ಲಿ ಅವಳ ಮುಖವನ್ನಲ್ಲದೆ ಬೇರೇನನ್ನು ನೋಡಬೇಕು? ಜಾಕ್ವೆಲಿನ್ ವಾಗ್ನರಳ ಕಂಠವು ಆ ನಿರಪರಾಧಿಯ ವ್ಯಥೆಯನ್ನು ನಮ್ಮೆದೆಗೆ ಮುಟ್ಟಿಸಿತು.

ಕೊನೆಗೆ ಸತ್ಯವು ಹೊರಬಿದ್ದು ಅವರಿಬ್ಬರೂ ಒಂದಾಗುವರು. ಆದರೂ ಪ್ರಿಯೆಯ ಶೀಲವನ್ನು ಪಣಕ್ಕೆ ಒಡ್ಡಿದ ಗಳಿಗೆಯಲ್ಲಿಯೇ ಅಡೋಲಾರನು ಸೋತಿದ್ದನು; ಉಂಗುರವು ಬಂದುದು ಆಮೇಲೆ.