ಏಪ್ರಿಲ್ ಮಧ್ಯಾಹ್ನದ ಪರೀಕ್ಷೆ

ಮಂಗಳೂರಿನ ಬಿಜೈಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಅದರ ಮಾಳಿಗೆಯಲ್ಲಿ ಒಂದು ಕಂಪ್ಯೂಟರ್. ಮನೆಗೆಲ್ಲ ಅದೊಂದೇ. ಮಗ ಇಂಜಿನಿಯರಿಂಗ್ ಸೇರಿದ ವರ್ಷ ಕೊಂಡದ್ದು. ಬ್ಯಾಂಕಿನಲ್ಲಿರುವ ಅಪ್ಪ ಅದರಲ್ಲಿ ಆದಾಯ ತೆರಿಗೆಯ ಲೆಕ್ಕ ಬರೆಯುತ್ತಾರೆ, ಅಮ್ಮ ದುಬೈಯಲ್ಲಿರುವ ತಮ್ಮನ ಮುಖ ನೋಡುತ್ತಾರೆ, ಎಂ.ಕಾಂ. ಓದುವ ಅಕ್ಕ ತನ್ನ ಪ್ರಬಂಧ ಟೈಪ್ ಮಾಡುತ್ತಾಳೆ. ಉಳಿದ ಹೊತ್ತು ಅದು ಮಗನದ್ದು. ಅಂದರೆ ಹೆಚ್ಚು ಹೊತ್ತು ಅವನದೇ.

ಅವನಿಗೆ ಹಿಡಿದ ಹುಚ್ಚಿನ ಹೆಸರು ಓವರ್‌ಕ್ಲಾಕಿಂಗ್. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಸೆಕೆಂಡಿಗೆ ಇಷ್ಟು ಕೋಟಿ ತಾಳ ಎಂದು ತಯಾರಿಸಿದವರು ಗೊತ್ತುಮಾಡಿರುತ್ತಾರೆ. ಆ ತಾಳವನ್ನು ಇನ್ನಷ್ಟು ಬಿರುಸಾಗಿ ಹಾಕುವುದೇ ಓವರ್‌ಕ್ಲಾಕಿಂಗ್.

"ಮಾಡಿದವರಿಗೆ ಗೊತ್ತಿಲ್ಲದ ವೇಗ ನಿನಗೆ ಹೇಗೆ ಗೊತ್ತಾಯಿತು ಮಾರಾಯ?" ಎಂದು ಅಪ್ಪ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವೂ ಇದೆ. ಒಂದೇ ಅಚ್ಚಿನ ಚಿಪ್‌ಗಳೆಲ್ಲ ಒಂದೇ ರೀತಿ ಇರುವುದಿಲ್ಲ. ಕೆಲವು ಹೆಚ್ಚು ವೇಗ ತಾಳುತ್ತವೆ, ಕೆಲವು ಕಡಿಮೆ. ಎಲ್ಲವೂ ಎಲ್ಲ ಊರಿನಲ್ಲೂ ನಡೆಯಲೆಂದು ಕಂಪನಿಯವರು ಸ್ವಲ್ಪ ಅಂತರ ಇಟ್ಟುಕೊಂಡೇ ವೇಗ ನಮೂದಿಸುತ್ತಾರೆ. 1998ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ 'ಸೆಲೆರಾನ್ 300ಎ' ಎಂಬ ಅಗ್ಗದ ಚಿಪ್ಪಿನ ವೇಗ 300 ಮೆಗಾಹರ್ಟ್ಸ್. ಅದು ಕೂರುವ ಬೋರ್ಡಿನ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ ಅದು 450ರಲ್ಲಿ ಓಡುತ್ತಿತ್ತು. ಬಡ ವಿದ್ಯಾರ್ಥಿಗೆ ದುಬಾರಿ ಚಿಪ್ಪಿನ ಓಟ ಸಿಕ್ಕ ಕಾಲ ಅದು. ಈಗಿನ ಚಿಪ್‌ಗಳಾದರೋ ಶಾಖ ಮತ್ತು ವಿದ್ಯುತ್ತನ್ನು ನೋಡಿಕೊಂಡು ತಾವೇ ವೇಗ ಹೆಚ್ಚಿಸಿಕೊಳ್ಳುತ್ತವೆ. ಹಾಗಾಗಿ ಮನುಷ್ಯನಿಗೆ ಉಳಿದಿರುವ ಅಂತರ ತೀರಾ ಸಣ್ಣದು.

ಹುಡುಗ ಆ ಸಣ್ಣ ಅಂತರವನ್ನು ಹುಡುಕಿದ್ದು ಜನವರಿಯ ರಾತ್ರಿಗಳಲ್ಲಿ. ಕಿಟಕಿ ತೆರೆದಿತ್ತು, ಕೋಣೆಯಲ್ಲಿ 22 ಡಿಗ್ರಿ ತಂಪು. 3.6 ಗಿಗಾಹರ್ಟ್ಸ್ ಎಂದು ನಮೂದಾಗಿದ್ದ ಚಿಪ್ಪನ್ನು 4.2ಕ್ಕೆ ಏರಿಸಿ, ಅದಕ್ಕೆ ಬೇಕಾದ 1.32 ವೋಲ್ಟ್ ಕೊಟ್ಟ. ಅರ್ಧ ಗಂಟೆ ಪರೀಕ್ಷಿಸಿದ. ಬಿಸಿ 80 ಡಿಗ್ರಿಯಲ್ಲಿ ನಿಂತಿತು. ಆ ಚಿಪ್ಪಿನ ಗರಿಷ್ಠ ಮಿತಿ 95. "ಭದ್ರವಾಗಿದೆ" ಎಂದು ಮನೆಯವರಿಗೆಲ್ಲ ಸಾರಿ ಮಲಗಿದ.

ಏಪ್ರಿಲ್ ಬಂತು. ಹೆಂಚಿನ ಕೆಳಗಿನ ಮಾಳಿಗೆ ಮಧ್ಯಾಹ್ನ ಹೇಗಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಂದು ದಿನ ಅಕ್ಕ ಪ್ರಬಂಧದ ಕಡತ ತೆರೆಯಲು ಹೋದರೆ ಅದು ತೆರೆಯಲಿಲ್ಲ. ಕಂಪ್ಯೂಟರ್ ನಿಂತಿರಲಿಲ್ಲ, ನೀಲಿ ಪರದೆಯೂ ಬಂದಿರಲಿಲ್ಲ. ಎಲ್ಲವೂ ಸರಿಯಿರುವಂತೆಯೇ ಕಾಣುತ್ತಿತ್ತು. ಕಡತ ಮಾತ್ರ ಹಾಳಾಗಿತ್ತು. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ದಿನ. ನಾಲ್ಕು ದಿನ ಹಿಂದಿನ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿ ಉಳಿದಿದ್ದರಿಂದ ಮಾನ ಉಳಿಯಿತು. ಹನ್ನೊಂದು ಪುಟ ಅವಳು ಮತ್ತೆ ಟೈಪ್ ಮಾಡಿದಳು. ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅಪ್ಪ ಮಾತ್ರ ಬ್ಯಾಂಕಿನವರ ಧಾಟಿಯಲ್ಲಿ ಕೇಳಿದರು: "ಯಂತ್ರ ನಿಂತುಹೋದರೆ ಗೊತ್ತಾಗುತ್ತದೆ. ನಿಲ್ಲದೆ ಲೆಕ್ಕ ತಪ್ಪಿದರೆ ಗೊತ್ತಾಗುವುದು ಹೇಗೆ?"

ಓವರ್‌ಕ್ಲಾಕಿಂಗಿನ ನಿಜವಾದ ಅಪಾಯ ಇದೇ. ವೇಗ ಅಂಚಿಗೆ ಬಂದಾಗ ಚಿಪ್ ಮೊದಲು ಸಾಯುವುದಿಲ್ಲ, ಮೊದಲು ಸುಳ್ಳು ಹೇಳುತ್ತದೆ. ಓವರ್‌ಕ್ಲಾಕ್ ಮಾಡದ ಚಿಪ್ಪೂ ಒಮ್ಮೆ ಹಾಗೆ ಮಾಡಿದ್ದುಂಟು. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿರುವುದನ್ನು ಕಂಡುಹಿಡಿದರು. ಅದು ವಿನ್ಯಾಸದ ದೋಷ. ಆದರೂ ಯಂತ್ರಗಳು ಯಾವ ದೂರೂ ಇಲ್ಲದೆ ಓಡುತ್ತಲೇ ಇದ್ದವು. ಉತ್ತರವನ್ನು ಬೇರೆ ಯಂತ್ರದ ಉತ್ತರದೊಡನೆ ತಾಳೆ ನೋಡುವ ತಾಳ್ಮೆ ಒಬ್ಬರಿಗೆ ಇದ್ದುದರಿಂದ ತಪ್ಪು ಸಿಕ್ಕಿತು.

ಹಾಗಾದರೆ ತಾಳೆ ನೋಡುವುದು ಹೇಗೆ? ಅದಕ್ಕೂ ಗಣಿತವೇ ದಾರಿ. 1996ರಿಂದ ಜಗತ್ತಿನ ಹವ್ಯಾಸಿಗಳು ಒಟ್ಟು ಸೇರಿ ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದ್ದಾರೆ. ಅವರು ಬಳಸುವ ಒಂದು ತಂತ್ರಾಂಶ ಪ್ರೈಮ್95. ಅದು ದೈತ್ಯ ಗುಣಾಕಾರಗಳನ್ನು ಭಿನ್ನರಾಶಿಯ ರೂಪದಲ್ಲಿ ಮಾಡಿ, ಕೊನೆಗೆ ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಉತ್ತರಗಳು ಪೂರ್ಣಾಂಕದ ಹತ್ತಿರವೇ ಬೀಳಬೇಕು. ವ್ಯತ್ಯಾಸ 0.4ಕ್ಕಿಂತ ಕಡಿಮೆ ಇರಬೇಕಾದಲ್ಲಿ 0.5 ಬಂತೆಂದರೆ, ಎಲ್ಲೋ ತಪ್ಪಾಗಿದೆ ಎಂದು ತಂತ್ರಾಂಶ ಕೂಗುತ್ತದೆ. ಯಂತ್ರದ ಸುಳ್ಳು ಅಲ್ಲಿ ಸಿಕ್ಕಿಬೀಳುತ್ತದೆ.

ಅಪ್ಪ ಬ್ಯಾಂಕಿನ ಹಳೆಯ ಡೈರಿಯೊಂದನ್ನು ಕೊಟ್ಟರು. ಮಗ ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ಮರಳಿಸಿದ. ಮನೆಯವರ ಕಡತಗಳ ಪ್ರತಿ ತೆಗೆದು ಕಪಾಟಿನಲ್ಲಿಟ್ಟ. ಮೆಮೊರಿಯ ವೇಗವನ್ನು ಮುಟ್ಟಲಿಲ್ಲ. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಪರೀಕ್ಷೆಯ ಹೊತ್ತನ್ನೂ ಬದಲಿಸಿದ: ಮಧ್ಯಾಹ್ನ ಎರಡು ಗಂಟೆ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಕೋಣೆಯಲ್ಲಿ 34 ಡಿಗ್ರಿ.

ಗಾಳಿಯಿಂದ ತಣಿಯುವ ಚಿಪ್ಪಿನ ಬಿಸಿ ಕೋಣೆಯ ಬಿಸಿಯ ಮೇಲೆಯೇ ಕೂರುತ್ತದೆ. ಕೋಣೆ 12 ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಜನವರಿಯ 80 ಏಪ್ರಿಲಿನಲ್ಲಿ 92 ಆದದ್ದು ಹೀಗೆ. ಬಿಸಿಯೇರಿದಂತೆ ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ವೋಲ್ಟೇಜ್ ಏರಿಸಿದರೆ ಮತ್ತೆ ಬಿಸಿ. ಶಾಖ ವೇಗದ ಜೊತೆ ನೇರವಾಗಿಯೂ ವೋಲ್ಟೇಜಿನ ಜೊತೆ ವರ್ಗವಾಗಿಯೂ ಬೆಳೆಯುತ್ತದೆ. ಎರಡನ್ನೂ ಶೇ. 10ರಂತೆ ಏರಿಸಿದರೆ ಶಾಖ ಶೇ. 33 ಹೆಚ್ಚುತ್ತದೆ. ಲಾಭ ಹತ್ತು, ಖರ್ಚು ಮೂವತ್ತಮೂರು. ಬ್ಯಾಂಕಿನವರಿಗೆ ಈ ಲೆಕ್ಕ ತಟ್ಟನೆ ಹಿಡಿಸಿತು.

ಹುಡುಗ ವೋಲ್ಟೇಜನ್ನು 1.22ರಲ್ಲಿ ಕಟ್ಟಿಹಾಕಿ, ವೇಗವನ್ನು 25 ಮೆಗಾಹರ್ಟ್ಸಿನ ಮೆಟ್ಟಿಲುಗಳಲ್ಲಿ ಏರಿಸುತ್ತಾ ಹೋದ. 4.15ರಲ್ಲಿ ಹತ್ತು ನಿಮಿಷಕ್ಕೇ 0.5ರ ತಪ್ಪು ಬಂತು. 4.125 ಎರಡು ಗಂಟೆ ನಡೆದು ತಪ್ಪಿತು. ಹತ್ತು ನಿಮಿಷದ ಪರೀಕ್ಷೆಯನ್ನು ನಂಬಿದ್ದರೆ ಅದೇ ಪಾಸಾಗುತ್ತಿತ್ತು. 4.1ರ ಪರೀಕ್ಷೆ ಐದನೇ ಗಂಟೆಯಲ್ಲಿದ್ದಾಗ ಗುಡುಗು ಬಂದು ಕರೆಂಟು ಹೋಯಿತು. ಡೈರಿಯಲ್ಲಿ "ಯಂತ್ರದ ತಪ್ಪಲ್ಲ, ಮತ್ತೆ ಮೊದಲಿನಿಂದ" ಎಂದು ಬರೆದ. ಮರುದಿನ ಆರು ಗಂಟೆ ಪೂರ್ತಿ ಓಡಿತು.

ಆದರೆ ಅವನು 4.1ರಲ್ಲಿ ನಿಲ್ಲಲಿಲ್ಲ. ಎರಡು ಮೆಟ್ಟಿಲು ಕೆಳಗಿಳಿದು 4.05ಕ್ಕೆ ಬಂದ. ಕೂಲರ್‌ನಲ್ಲಿ ಧೂಳು ಕೂರುತ್ತದೆ, ಪೇಸ್ಟ್ ಒಣಗುತ್ತದೆ, ಚಿಪ್ಪಿಗೂ ವಯಸ್ಸಾಗುತ್ತದೆ. ಆ ದಿನಗಳಿಗಾಗಿ ಇಟ್ಟ ಠೇವಣಿ ಅದು. ಅಲ್ಲಿ ಬಿಸಿ 82ರಲ್ಲಿ ನಿಂತಿತು. ಜನವರಿಯ 4.2ಕ್ಕೆ ಹೋಲಿಸಿದರೆ ಬಿಟ್ಟುಕೊಟ್ಟ ವೇಗ ಶೇ. 4ಕ್ಕೂ ಕಡಿಮೆ. ಶಾಖ ಇಳಿದದ್ದು ಶೇ. 17ರಷ್ಟು.

ವೋಲ್ಟೇಜಿನ ವಿಷಯದಲ್ಲಿ ಜಿಪುಣತನ ಒಳ್ಳೆಯದು ಎನ್ನಲು ದೊಡ್ಡವರ ಕಥೆಯೂ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು, ಒಳಗಿಂದೊಳಗೆ ಸವೆದವು. 2024ರ ಆಗಸ್ಟ್‌ನಲ್ಲಿ ಕಂಪನಿ ತಿದ್ದುಪಡಿ ಬಿಡುಗಡೆ ಮಾಡಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ಪನ್ನು ಮಾತ್ರ ಯಾವ ತಿದ್ದುಪಡಿಯೂ ಸರಿಮಾಡಲಾರದು. ಮನೆಯಲ್ಲಿ ಓವರ್‌ಕ್ಲಾಕ್ ಮಾಡಿ ಆದ ಹಾನಿಗಾದರೋ ಸಾಮಾನ್ಯವಾಗಿ ವಾರಂಟಿಯೇ ಇಲ್ಲ. ಇಷ್ಟೆಲ್ಲ ಏಕೆ ಎನ್ನುವವರಿಗೆ ಕಾರ್ಖಾನೆಯ ವೇಗವೇ ಸಾಕು. ಹುಡುಗನೂ ಅದನ್ನು ಒಪ್ಪುತ್ತಾನೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಬೆಂಕಿ ಕಡಿಮೆಯಾದರೆ ಹೆಂಚು ನೀರು ಕುಡಿಯುತ್ತದೆ, ಹೆಚ್ಚಾದರೆ ಸೊಟ್ಟಗಾಗುತ್ತದೆ. ಸರಿಯಾಗಿ ಬೆಂದಿದೆಯೇ ಎಂದು ಹೇಳುವುದು ಮಳೆಗಾಲ. ಮಾಳಿಗೆಯ ಮೇಲಿನ ಹೆಂಚುಗಳು ಎಷ್ಟೋ ಮಳೆಗಾಲಗಳನ್ನು ಕಂಡಿವೆ.

ಫಲಿತಾಂಶಗಳ ಕಾಲದಲ್ಲಿ, ಪಕ್ಕದ ಮನೆಯವರ ಮಗ ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಾನಂತೆ ಎಂದು ಅಮ್ಮ ಒಮ್ಮೆ ಹೇಳಿದರು. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ ಕೇಳಿದರು: "ಜನವರಿಯಲ್ಲೋ, ಏಪ್ರಿಲಿನಲ್ಲೋ?"

ಅಮ್ಮನಿಗೆ ಅರ್ಥವಾಗಲಿಲ್ಲ. ಮಗ ನಕ್ಕ. ಮಾಳಿಗೆಯಲ್ಲಿ ಅಕ್ಕ ತೆರೆದ ಕಡತ ಮೊದಲ ಸಲಕ್ಕೇ ತೆರೆದುಕೊಂಡಿತ್ತು. ಪೆನ್‌ಡ್ರೈವ್‌ಗೆ ಪ್ರತಿ ತೆಗೆಯುವುದನ್ನು ಮಾತ್ರ ಅವಳು ಈಗಲೂ ಬಿಟ್ಟಿಲ್ಲ.