ಮಗಳು ಕೇಳಿದ ಪ್ರಶ್ನೆ

ಕರೆಂಟು ಹೋದ ಒಂದು ರಾತ್ರಿ ಮನೆಮಂದಿಯೆಲ್ಲ ತಾರಸಿಯಲ್ಲಿ ಕುಳಿತಿದ್ದೆವು. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆಗೆ ಸರಿದಿರುತ್ತದೆ, ವಿಶ್ವ ಹಿಗ್ಗುತ್ತಿರುವುದಕ್ಕೆ ಅದೇ ಗುರುತು ಎಂದು ಹತ್ತನೇ ತರಗತಿಯ ಮಗಳಿಗೆ ನಾವಿಬ್ಬರೂ ವಿವರಿಸುತ್ತಿದ್ದೆವು.

"ಅಬ್ಬಾ, ಅಷ್ಟು ದೊಡ್ಡ ಗೆಲಾಕ್ಸಿ ತನ್ನ ಬೆಳಕನ್ನು ಹಿಡಿದೆಳೆಯುವುದಿಲ್ಲವಾ? ಅದರಿಂದಲೂ ಕೆಂಪಾಗಬಹುದಲ್ಲ?" ಎಂದಳು.

ನಮಗೆ ಉತ್ತರ ಗೊತ್ತಿರಲಿಲ್ಲ. ಹಾಗೆನ್ನಲು ನಾಚಿಕೆಯಾಗಿ, "ಮೊದಲು ಪುಸ್ತಕದಲ್ಲಿರುವುದನ್ನು ಓದು" ಎಂದು ಗದರಿದೆವು. ಆಕೆ ಎದ್ದು ಕೆಳಗೆ ಹೋದಳು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುದಿನದಿಂದ ಹುಡುಕತೊಡಗಿದೆವು. ಮಗಳ ಮಾತಿನಲ್ಲಿ ಹುರುಳಿತ್ತು. ಗುರುತ್ವ ಹೆಚ್ಚಿರುವಲ್ಲಿ ಕಾಲ ನಿಧಾನವಾಗಿ ಸಾಗುತ್ತದೆ. ಬೆಳಕಿನ ಒಂದೊಂದು ಅಲೆಯೂ ಗಡಿಯಾರದ ಒಂದೊಂದು ಬಡಿತದಂತೆ. ಬಡಿತ ನಿಧಾನವಾದರೆ ಅಲೆ ಉದ್ದವಾಗುತ್ತದೆ, ಬೆಳಕು ಕೆಂಪಿನತ್ತ ಸರಿಯುತ್ತದೆ. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡ್‌ನ ಕಟ್ಟಡವೊಂದರಲ್ಲಿ, ಬರೀ 22.5 ಮೀಟರ್ ಎತ್ತರದಲ್ಲಿ, ಗಾಮಾ ಕಿರಣ ಬಳಸಿ ಇದನ್ನು ಅಳೆದು ತೋರಿಸಿದ್ದರು.

ಗೆಲಾಕ್ಸಿಗಳಲ್ಲಿ ಇದರ ಪಾಲೆಷ್ಟು? 2011ರಲ್ಲಿ ವೊಯ್ತಾಕ್ ಮತ್ತು ಸಂಗಡಿಗರು ಸುಮಾರು 7,800 ಗೆಲಾಕ್ಸಿ ಸಮೂಹಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದರು. ಸಮೂಹದ ನಡುವಿನ ಬೆಳಕು ಅಂಚಿನದಕ್ಕಿಂತ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗಕ್ಕೆ ಸಮನಾದಷ್ಟು ಹೆಚ್ಚು ಕೆಂಪಾಗಿತ್ತು. ಗೆಲಾಕ್ಸಿಗಳ ಓಟದಿಂದಲೂ ಕಾಲ ನಿಧಾನವಾಗುವುದರಿಂದ ಆ ಲೆಕ್ಕಕ್ಕೆ ತಿದ್ದುಪಡಿ ಬೇಕೆಂದು 2013ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಆದರೆ ವಿಶ್ವದ ಹಿಗ್ಗುವಿಕೆಯಿಂದ ದೂರದ ಗೆಲಾಕ್ಸಿಗಳಲ್ಲಿ ಕಾಣುವ ಪಲ್ಲಟ ಸೆಕೆಂಡಿಗೆ ಸಾವಿರಾರು ಕಿ.ಮೀ. ಲೆಕ್ಕದ್ದು. ಅದರ ಮುಂದೆ ಇದು ಸಂತೆಯ ಗದ್ದಲದಲ್ಲಿ ಆಡಿದ ಪಿಸುಮಾತು.

ಸಂಜೆ ಮಗಳನ್ನು ಕರೆದು, "ನೀನು ಕೇಳಿದ್ದು ಸರಿ, ನಾವು ಗದರಿದ್ದು ತಪ್ಪು" ಎಂದೆವು. ಆಕೆಯ ಮುಖ ಅರಳಿತು. "ಹಾಗಾದರೆ ವಿಶ್ವ ಹಿಗ್ಗುತ್ತಿರುವುದು ಸುಳ್ಳಾ?" ಎಂದು ಮತ್ತೆ ಶುರು ಮಾಡಿದಳು. ಸುಳ್ಳಲ್ಲ. ದೂರ ಹೆಚ್ಚಿದಂತೆಲ್ಲ ಪಲ್ಲಟವೂ ಹೆಚ್ಚುತ್ತಾ ಹೋಗುತ್ತದೆ. ಎಲ್ಲಕ್ಕೂ ಗೆಲಾಕ್ಸಿಯ ಗುರುತ್ವವೇ ಕಾರಣವಾಗಿದ್ದರೆ ನಮ್ಮಿಂದ ಇರುವ ದೂರಕ್ಕೂ ಅದಕ್ಕೂ ನಂಟಿರುತ್ತಿರಲಿಲ್ಲ.

ಅಷ್ಟು ಸಣ್ಣ ಅಂತರವನ್ನೂ ಕಡೆಗಣಿಸದೆ ಅಳೆದವರಿದ್ದಾರೆ. ಮನೆಯೊಳಗಿನ ಒಂದು ಪ್ರಶ್ನೆಯನ್ನು ನಾವು ಒಂದೇ ಮಾತಿನಲ್ಲಿ ಅದುಮಿಬಿಟ್ಟಿದ್ದೆವು. ನಮ್ಮ ಮನೆಗಳಲ್ಲಿ ಹೀಗೆ ಎಷ್ಟು ಮಕ್ಕಳು ತಾರಸಿಯಿಂದ ಎದ್ದು ಕೆಳಗೆ ಹೋಗಿದ್ದಾರೋ!