ಮೂಸಿ ನೋಡು ಚಿಕ್ಕಪ್ಪ

ನಾವು ಹೊಸದುರ್ಗದ ಕಡೆಯವರು. ಮೂಸಿ ನೋಡಿ ಕುಡಿದವರಲ್ಲ, ಮೂಗು ಮುಚ್ಚಿಕೊಂಡು ಕುಡಿದವರು. ಅದಕ್ಕೇ ಬೆಂಗಳೂರಿನ ಬಿಯರು ಹೋಟ್ಲಲ್ಲಿ ನಮ್ಮಣ್ಣನ ಮಗ 'ತಡಿ ಚಿಕ್ಕಪ್ಪ, ಮೊದ್ಲು ಮೂಸಿ ನೋಡು' ಅಂದಾಗ ನಗು ಬಂತು.

ಮೂಸಿದ್ವಿ. ಹಸಿ ಹುಲ್ಲು ಕೊಯ್ದಾಗ ಬರೋ ವಾಸನೆ. ಅದರ ಹಿಂದೆಯೇ ನಿಂಬೆ ಸಿಪ್ಪೆ ಗೀರಿದ ವಾಸನೆ. ತಿಳಿ ಜೇನಿನ ಬಣ್ಣ, ಮೇಲೆ ಎರಡು ಬೆರಳು ನೊರೆ. ಒಂದು ಗುಟುಕು ನಾಲಗೆ ಮೇಲೆ ನಿಲ್ಲಿಸಿಕೊಂಡ್ವಿ. ಮೊದಲು ಸುಟ್ಟ ರೊಟ್ಟಿ ಅಂಚಿನಂಥ ಸಣ್ಣ ಸಿಹಿ. ನುಂಗಿದ ಮೇಲೆ ಗಂಟಲ ಬುಡದಲ್ಲಿ ಕಹಿ. ಹಾಗಲಕಾಯಿ ಹಾಗೆ ಜಗಳಕ್ಕೆ ಬರೋ ಕಹಿ ಅಲ್ಲ. ಬಂದು, ಸ್ವಲ್ಪ ಹೊತ್ತು ಕೂತು, ಬಾಯಿ ಒಣಗಿಸಿ ಹೋಗೋ ಕಹಿ. ಇನ್ನೊಂದು ಗುಟುಕು ಬೇಕು ಅನಿಸಿತು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳೋಣ.

ಹುಡುಗ ವಿವರ ಹೇಳ್ದ. ನಾವು ರಾಗಿ ಮೊಳಕೆ ಕಟ್ಟೋ ಹಾಗೆ ಬಾರ್ಲಿ ಮೊಳಕೆ ಕಟ್ಟಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಲ್ಲಿ ನೆನೆಸಿ ರಸ ತೆಗೀತಾರೆ. ರಸ ಕುದಿಯುವಾಗ ಹಾಪ್ಸ್ ಹಾಕ್ತಾರೆ. ಅದೊಂದು ಬಳ್ಳಿಯ ಹೂವು, ಚಳಿ ಸೀಮೆಯದು; ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಬೆಳೆದದ್ದುಂಟು. ಕುದ್ದಷ್ಟೂ ಕಹಿ ಬಿಡುತ್ತೆ, ವಾಸನೆ ಹಾರಿಹೋಗುತ್ತೆ. ಅದಕ್ಕೇ ಹುಳಿ ಬಂದ ಮೇಲೆ ತಣ್ಣಗಿನ ಬಿಯರಿಗೇ ಇನ್ನಷ್ಟು ಹೂವು ಹಾಕ್ತಾರೆ. ಲಾಗರ್ ಅನ್ನೋದು ಕೂಡಿಡೋದು ಅನ್ನೋ ಅರ್ಥದ ಜರ್ಮನ್ ಮಾತು. ಹತ್ತು ಡಿಗ್ರಿ ಆಸುಪಾಸಿನ ತಂಪಲ್ಲಿ ನಿಧಾನ ಹುಳಿಸಿ, ಇನ್ನೂ ತಂಪಲ್ಲಿ ವಾರಗಟ್ಟಲೆ ಇಡ್ತಾರೆ. ಹೊಂಬಣ್ಣದ ಈ ಜಾತಿ 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಊರಲ್ಲಿ ಹುಟ್ಟಿದ್ದು. ಬಿಯರಿಗೂ ಕುಲಗೋತ್ರ ಇದೆ ಅಂತ ಗೊತ್ತಾಯ್ತು.

ನಮ್ಮೂರ ಈಚಲು ಹೆಂಡಕ್ಕೆ ಅಷ್ಟು ದಿನದ ಬಾಳಿರಲಿಲ್ಲ. ಹಳ್ಳದ ಸಾಲಿನ ಮರಕ್ಕೆ ಸಂಜೆ ಮಡಕೆ ಕಟ್ಟಿದರೆ ನಸುಕಿಗೆ ಸಿಹಿ, ಬಿಸಿಲೇರಿದರೆ ಹುಳಿ, ಹೊತ್ತು ಮುಳುಗಿದರೆ ಗಬ್ಬು. ಹುಳಿಸೋಕೆ ಯಾರೂ ಏನೂ ಹಾಕಬೇಕಿಲ್ಲ. ಗಾಳೀಲಿ, ಮಡಕೇಲಿ ಇದ್ದದ್ದೇ ಸಾಕು. ನಮ್ಮ ದೊಡ್ಡಪ್ಪ ಒಂದೇ ಗುಟುಕಿಗೆ ಇದು ಯಾವ ಸಾಲಿನ ಮರದ್ದು, ಯಾವ ಹೊತ್ತಲ್ಲಿ ಇಳಿಸಿದ್ದು ಅಂತ ಹೇಳೋನು. ನೀರು ಬೆರೆಸಿದ್ರೆ ಉಗಿಯೋನು. ಆ ನಾಲಗೆಗೆ ಯಾರೂ ರುಚಿ ಅನ್ನೋ ಹೆಸರು ಕೊಡಲಿಲ್ಲ. ಕೇರಿ ಕುಡುಕ ಅಂದ್ರು.

ಅಂಗಡೀಲಿ ಗ್ಲಾಸು ಇದ್ವು, ಊರಿನವರಿಗೆ. ನಮಗೆ ಗೋಡೆಯಾಚೆ ಕರಟ. ಕುಡಿದಾದ ಮೇಲೆ ನಾವೇ ತೊಳೆದು ಬೇಲಿ ಸಂದಿಗೆ ಸಿಕ್ಕಿಸಿ ಬರಬೇಕು. ಹೆಂಡಾನ ಎತ್ತರದಿಂದ ಸುರಿಯೋರು. ಚೆಲ್ಲಿದ್ದಕ್ಕೂ ದುಡ್ಡು. ಇಂಥ ಕಡೆ ನೊರೆ ನೋಡೋರು ಯಾರು, ಮೂಸೋರು ಯಾರು?

ಆಮೇಲೆ ಪಾಕೀಟು ಸಾರಾಯಿ ಬಂತು. ಹಲ್ಲಲ್ಲಿ ಕಚ್ಚಿ, ಹೀರಿ, ಬಿಸಾಕೋದು. ರುಚಿಯಿಲ್ಲ, ಉರಿ ಮಾತ್ರ. ಹರಾಜು ಕೂಗಿದವರು ಮಾಳಿಗೆ ಕಟ್ಟಿಸಿದ್ರು. ಸರ್ಕಾರದ ಖಜಾನೆ ತುಂಬಿತು. ನಮ್ಮಪ್ಪ ಅದರಲ್ಲೇ ಹೋದ. ಅವ್ವನ ಓಲೆ ಅವನಿಗಿಂತ ಮೊದಲೇ ಹೋಗಿತ್ತು. ಹರಿಹರದ ಬಿ. ಕೃಷ್ಣಪ್ಪನವರು (ಹರಿಹರ ಆಗ ನಮ್ಮ ಜಿಲ್ಲೆಯದೇ) ಕಟ್ಟಿ ಬೆಳೆಸಿದ ದಲಿತ ಸಂಘರ್ಷ ಸಮಿತಿ ಹೆಂಡದ ವಿರುದ್ಧ ನಿಂತಾಗ ನಾವೂ ತಮಟೆ ಹಿಡಿದು ಕೇರಿ ಕೇರಿ ಸುತ್ತಿದ್ವಿ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಹೆಂಡದ ಅಂಗಡಿ ಅದಕ್ಕೂ ಮುಂಚೆಯೇ ಮುಚ್ಚಿತ್ತು. ಕುಡಿಯೋದು ನಿಲ್ಲಲಿಲ್ಲ, ಅಗ್ಗದ ವಿಸ್ಕಿ 90 ಎಂ.ಎಲ್. ಪೊಟ್ಟಣದಲ್ಲಿ ಕೇರಿಗೆ ಬಂತು.

2011ರಿಂದೀಚೆಗೆ ಬೆಂಗಳೂರಲ್ಲಿ ಇಂಥ ಹೋಟ್ಲು ಎದ್ದವು. ಲೈಸೆನ್ಸು ಕೊಡೋದು ಅದೇ ಅಬಕಾರಿ ಇಲಾಖೆ. ಇಲ್ಲಿ ಕುಡಿಯೋರು ರುಚಿ ಬಲ್ಲವರು. ಪರದೇಶದ ಹೂವಿನ ಕಹಿಗೆ ಅವರ ಬಳಿ ಹತ್ತು ಹೆಸರಿವೆ. ನಮ್ಮ ಮಡಕೆ ಹುಳಿಗೆ ಬೈಗುಳ ಬಿಟ್ಟರೆ ಇನ್ನೇನು ಹೆಸರಿತ್ತು?

ಇದನ್ನ ಓದಿ ಸಂಘದ ಹಳೆ ಗೆಳೆಯರು ಬೈತಾರೆ. ಬೈಲಿ. ಹೆಂಡ ಬಿಡಿ ಅಂತ ಕೂಗಿದ್ದು ತಪ್ಪು ಅನ್ನಲ್ಲ, ಅವ್ವನ ಬರಿ ಕಿವಿ ನೋಡಿದವರು ಹಾಗನ್ನೋಕಾಗಲ್ಲ. ಆದರೆ ಸಾರಾಯಿ ಜೊತೆ ದೊಡ್ಡಪ್ಪನ ನಾಲಗೆಯನ್ನೂ ಹೂತುಬಿಟ್ವಿ ಅಂತ ಆ ಗ್ಲಾಸಿನ ಮುಂದೆ ಹೊಳೀತು.

ಬಿಲ್ಲು ಬಂತು. ಹುಡುಗ ತೋರಿಸಲಿಲ್ಲ, ಕದ್ದು ನೋಡಿದ್ವಿ. ಒಂದು ಗ್ಲಾಸಿಗೆ ನಮ್ಮೂರ ಹೆಣ್ಣಾಳಿನ ಒಂದು ದಿನದ ಕೂಲಿ. ಎದ್ದು ನಿಂತ್ವಿ. ಖಾಲಿ ಗ್ಲಾಸು ಕೈಯಲ್ಲೇ ಇತ್ತು, ಕಣ್ಣು ನಲ್ಲಿ ಹುಡುಕ್ತಿತ್ತು.

'ಅಲ್ಲೇ ಇಡು ಚಿಕ್ಕಪ್ಪ,' ಅಂದ ಹುಡುಗ, 'ಅವರು ತೊಳ್ಕೋತಾರೆ.'